ಒಂಬತ್ತನೆಯ ತೊಡೆಗುಂಡು

ಎರಡನೆಯ ನೀರೆಣಿಕೆಯ ನೂರಾ ಹದಿನೇಳನೆಯ ವರ್ಷ,
ಹದಿಮೂರನೆಯ ತಿಂಗಳ ಮೂವತ್ತನಾಲ್ಕನೆಯ ದಿನ,
ಹುಡಿಗೇರಿ, ಘಟಪ್ರಭೆಯ ಎಡದಂಡೆ.

ನಮಗಿಂತ ಮೊದಲು ಬದುಕಿ ಹೋದ ಹಿರಿಯರಿಗೆ, ಬಾಳವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಕಾಗದವನ್ನು ಮಡಚಿಡಬೇಡಿ. ನಿಮ್ಮ ಲೆಕ್ಕದಲ್ಲಿ ಹದಿಮೂರನೆಯ ತಿಂಗಳು ಇಲ್ಲ, ಯಾವ ತಿಂಗಳಿಗೂ ಮೂವತ್ತನಾಲ್ಕು ದಿನ ಇರಲಿಲ್ಲ ಎಂದು ಅಂಚೆಮನೆಯ ಹುಡುಗಿ ನನಗೆ ತಿಳಿಸಿದ್ದಾಳೆ. ನಮ್ಮಲ್ಲಿ ಇದೆ. ಹೊಳೆಗೆ ಹೊಸನೀರು ಬರುವವರೆಗೆ ನಮ್ಮ ವರ್ಷ ಮುಗಿಯುವುದಿಲ್ಲ. ನೀರು ತಡವಾದಷ್ಟೂ ಕೊನೆಯ ತಿಂಗಳು ಬೆಳೆಯುತ್ತ ಹೋಗುತ್ತದೆ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಾನು ಓದಿದ್ದು ನಾಲ್ಕನೆಯ ಇಯತ್ತೆ, ಅದೂ ಸುಗ್ಗಿ ಮುಗಿದ ಮೇಲೆ ಖಾಲಿ ಬಿದ್ದ ಕಣದಲ್ಲಿ ಕೂತು. “ಆಯಿ, ಪುಸ್ತಕದ ಭಾಷಾದಾಗ ಬರೀರಿ, ಅವರಿಗೆ ನಮ್ಮ ಮಾತು ತಿಳಿಯೂದಿಲ್ಲ” ಎಂದು ಆ ಹುಡುಗಿ ಹೇಳಿದ್ದರಿಂದ ಹೀಗೆ ಬರೆಯುತ್ತಿದ್ದೇನೆ. ಎಲ್ಲಾದರೂ ವಂಕಾದರೆ ನೀವೇ ನೆಟ್ಟಗೆ ಮಾಡಿಕೊಂಡು ಓದಿ. ನೀವು ನನ್ನ ಮುತ್ತಜ್ಜಿಗಿಂತ ಹಿಂದಿನವರು, ಆದ್ದರಿಂದ ಕೈಮುಗಿದಿದ್ದೇನೆ. ಆದರೆ ಇದನ್ನು ಓದುವಾಗ ನಿಮ್ಮಲ್ಲಿ ಬಹಳ ಮಂದಿ ನನಗಿಂತ ಚಿಕ್ಕವರಿರುತ್ತೀರಿ, ಆದ್ದರಿಂದ ಬೈಯುವುದೂ ಇದೆ.

ಈ ಕಾಗದ ಬರುವುದು ಹಿಂದಂಚೆಯಲ್ಲಿ. ಹಿಂದಂಚೆ ಎಂದರೆ ಕಳೆದುಹೋದ ವರ್ಷಗಳಿಗೆ ಹೋಗುವ ಅಂಚೆ. ಅದು ಹೇಗೆ ಹೋಗುತ್ತದೆಂದು ನನ್ನನ್ನು ಕೇಳಬೇಡಿ. ಒಲೆಯೊಳಗಿನ ಬೆಂಕಿ ಹೇಗೆ ಹತ್ತುತ್ತದೆಂದು ತಿಳಿಯದೆಯೂ ನಾವು ರೊಟ್ಟಿ ಸುಡುತ್ತೇವೆ. ಒಬ್ಬ ಮನುಷ್ಯನಿಗೆ ಜೀವಮಾನಕ್ಕೆ ಒಂದೇ ಕಾಗದ. ನಮ್ಮ ಓಣಿಯವರು ಅದನ್ನು ಯಾವ್ಯಾವುದಕ್ಕೋ ಖರ್ಚು ಮಾಡಿದ್ದಾರೆ. ಒಬ್ಬಳು ಹೋಳಿಗೆಯ ಹೂರಣದ ಹದ ಕೇಳಿ ಬರೆದಳು. ಇನ್ನೊಬ್ಬ ತನ್ನ ಮೂಗು ಯಾರ ಕಡೆಯಿಂದ ಬಂತೆಂದು ಕೇಳಿ ಬರೆದ. ಮುಂದಿನಿಂದ ಹಿಂದಕ್ಕೆ ಕಾಗದ ಹೋಗುತ್ತದೆಯೇ ಹೊರತು ಅಲ್ಲಿಂದ ಉತ್ತರ ಬರುವುದಿಲ್ಲ ಎಂಬುದು ಇಬ್ಬರಿಗೂ ಆಮೇಲೆ ಹೊಳೆಯಿತು. ನನಗೆ ಉತ್ತರ ಬೇಕಾಗಿಲ್ಲ. ನನಗೆ ಬೇಕಾದದ್ದು ಕೆಲಸ, ಅದನ್ನು ನೀವು ನಿಮ್ಮ ಕಾಲದಲ್ಲಿ ಕೂತೇ ಮಾಡಬಹುದು.

ಮೊದಲು ನಮ್ಮ ಬದುಕನ್ನು ಹೇಳುತ್ತೇನೆ, ಇಲ್ಲವಾದರೆ ನನ್ನ ಸಿಟ್ಟು ನಿಮಗೆ ತಿಳಿಯುವುದಿಲ್ಲ. ನಿಮ್ಮ ಕಾಲದಲ್ಲಿ ಕಬ್ಬಿಣವನ್ನು ಬಾಗಿಲಿಗೂ ಬೇಲಿಗೂ ಬಳಸುತ್ತಿದ್ದಿರಂತೆ. ನಮಗೆ ಅದು ಉಳಿದಿಲ್ಲ. ನಮ್ಮ ಕುಡುಗೋಲು, ಕತ್ತರಿ, ನಲ್ಲಿಯ ಬಿಲ್ಲೆ, ಗಿರಣಿಯ ಕಲ್ಲು ಎಲ್ಲವೂ ಗಟ್ಟಿಬಿಳಿ. ಪಡುವಣ ಗುಡ್ಡದ ಕೆಂಪು ಕಲ್ಲಿನಿಂದ ತೆಗೆದು ತೊಳೆದ ಬಿಳಿಹುಡಿಯನ್ನು ಅಚ್ಚಿಗೆ ಹಾಕಿ, ಕನ್ನಡಿಗೂಡಿನಲ್ಲಿ ಸುಟ್ಟರೆ ಗಟ್ಟಿಬಿಳಿಯಾಗುತ್ತದೆ. ಗುಡ್ಡದ ಇಳುಕಲಿನಲ್ಲಿ ನಾನೂರು ಕನ್ನಡಿ ನಿಲ್ಲಿಸಿ ಬಿಸಿಲನ್ನೆಲ್ಲ ಒಂದೇ ಬಾಯಿಗೆ ತಿರುಗಿಸಿದ ಗೂಡು ಅದು. ಮೋಡವಿಲ್ಲದ ಒಂದು ದಿನ ಪೂರ್ತಿ ಬೇಕು, ಆರಲು ಮೂರು ದಿನ. ಗಟ್ಟಿಬಿಳಿ ತುಕ್ಕು ಹಿಡಿಯುವುದಿಲ್ಲ, ಸವೆಯುವುದಿಲ್ಲ. ಆದರೆ ಒಳಗೆ ಸಾಸಿವೆಯ ಚೂರಿನಷ್ಟು ಟೊಳ್ಳಿದ್ದರೂ ಒಂದು ದಿನ ಹೇಳದೆ ಕೇಳದೆ ಸೀಳುತ್ತದೆ.

ಆ ಟೊಳ್ಳು ಹುಟ್ಟುವುದು ಗೂಡಿನಲ್ಲಲ್ಲ, ಬಗ್ಗಡದಲ್ಲಿ. ಹುಡಿಯನ್ನು ನೀರಿನಲ್ಲಿ ಕಲಸಿ ಮಾಡಿದ ರಾಡಿಗೆ ನಾವು ಬಗ್ಗಡ ಎನ್ನುತ್ತೇವೆ. ಬರೀ ನೀರಿಗೆ ಹಾಕಿದರೆ ಹುಡಿಯ ಕಾಳುಗಳು ಒಂದಕ್ಕೊಂದು ತೆಕ್ಕೆಬಿದ್ದು ಗಂಟಾಗುತ್ತವೆ, ಎಷ್ಟು ಕಲಸಿದರೂ ಅಷ್ಟೇ. ಅದಕ್ಕೆ ಬಿಡಿಸುಮದ್ದು ಹಾಕಬೇಕು. ಅದು ಪ್ರತಿ ಕಾಳಿನ ಮೇಲೂ ಒಂದೇ ಬಗೆಯ ಮುನಿಸಿನ ಹೊದಿಕೆ ಹಾಸುತ್ತದೆ. ಒಂದೇ ಮುನಿಸಿನವು ಹತ್ತಿರ ಬಾರದೆ ದೂರ ದೂರ ಸರಿಯುತ್ತವೆ. ಆಗ ಬಗ್ಗಡ ಹಾಲಿನಂತೆ ಹರಿಯುತ್ತದೆ. ನೀರು ಕುಡಿಯುವ ಬಿಳಿ ಗಚ್ಚಿನ ಅಚ್ಚಿಗೆ ಸುರಿದರೆ ಕಾಳುಗಳು ಒತ್ತೊತ್ತಾಗಿ ಕೂರುತ್ತವೆ. ಒಣಗಿದ ಮೇಲೆ ಉದುರದಿರಲು ಸ್ವಲ್ಪ ಅಂಟು ಬೇಕು. ಅಂಟು ಹೆಚ್ಚಾದರೆ ಅಚ್ಚನ್ನೇ ಕಚ್ಚಿ ಹಿಡಿಯುತ್ತದೆ. ಬಿಡಿಸುಮದ್ದಿನ ಗುಣ ಇನ್ನೂ ಕೆಟ್ಟದ್ದು. ಕಡಿಮೆಯಾದರೆ ಬಗ್ಗಡ ಗಟ್ಟಿ. ಹದಕ್ಕೆ ಬಂದರೆ ತೆಳು. ಹದ ಮೀರಿದರೆ ಮತ್ತೆ ಗಟ್ಟಿ. ಹೊಸಬರು ಗಟ್ಟಿಯಾದದ್ದನ್ನು ನೋಡಿ ಇನ್ನಷ್ಟು ಮದ್ದು ಸುರಿಯುತ್ತಾರೆ, ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಈ ತಪ್ಪಿಗೆ ನಾನು ಎಷ್ಟು ಮಂದಿಯ ಕಿವಿ ಹಿಂಡಿದ್ದೇನೆಂದು ನನಗೇ ನೆನಪಿಲ್ಲ.

ಆ ಮದ್ದು ನಿಮ್ಮದು. ನಮ್ಮ ಹಿಂದಿನವರಿಗೆ ಮಣ್ಣಿನಡಿ ಒಂದು ಗೋದಾಮು ಸಿಕ್ಕಿತು, ಅದರಲ್ಲಿ ನೀಲಿ ಡ್ರಮ್ಮುಗಳು. ಮೇಲೆ ಅಂಟಿಸಿದ ಚೀಟಿಯಲ್ಲಿ ಒಂದು ನಂಬರು, ಅದರ ಕೆಳಗೆ ‘ಒಳಗಿರುವುದು ಕಂಪನಿಯ ಗುಟ್ಟು’ ಎಂಬ ಮಾತು. ಇನ್ನೇನಿಲ್ಲ. ಅದನ್ನು ಬಿಚ್ಚಿ ನೋಡಿ, ಮತ್ತೆ ಮಾಡುವುದನ್ನು ಕಲಿಯಲು ಇಪ್ಪತ್ತಾರು ವರ್ಷ ಹಿಡಿಯಿತು. ಚೀಟಿಯ ಜೊತೆಗೆ ಒಂದು ಹರಿದ ಹಾಳೆಯಿತ್ತು. ಅದರಲ್ಲಿ ಓದಲು ಬಂದದ್ದು ಒಂದೇ ಸಾಲು: ಬಾವಿಯ ನೀರು ಬಳಸಬಾರದು. ಯಾಕೆ ಎಂದು ಬರೆದಿರಲಿಲ್ಲ. ನಾವು ಅದನ್ನು ಮಡಿಯ ಹಾಗೆ ಪಾಲಿಸಿದೆವು. ಮಳೆನೀರನ್ನು ಹಗೇವಿನಂಥ ಕುಣಿಯಲ್ಲಿ ಕೂಡಿಟ್ಟು, ಅದರಿಂದಲೇ ಬಗ್ಗಡ ಕಲಸಿದೆವು. ಆಕಾಶದ ನೀರು ದೇವರದು, ಬಾವಿಯದು ಮನುಷ್ಯರದು ಎಂದು ನಾನೇ ಹೊಸಬರಿಗೆ ಹೇಳಿಕೊಡುತ್ತಿದ್ದೆ. ಕಾರಣ ಗೊತ್ತಿಲ್ಲದವರು ಏನಾದರೊಂದು ಹೇಳಲೇಬೇಕಲ್ಲ.

ಈಗ ಕಾಶವ್ವನ ವಿಷಯ. ಕಾಶವ್ವ ನನ್ನ ಬೀಗತಿ. ನನ್ನ ಸೊಸೆ ಚಂಪಾಳ ಹಡೆದವ್ವ. ಎರಡು ವರ್ಷದ ಕೆಳಗೆ ಕಣದ ಮೆಟ್ಟಿಲಿನಿಂದ ಬಿದ್ದು ಎಡತೊಡೆಯ ಮೇಲಿನ ಕೀಲು ಪುಡಿಯಾಯಿತು. ಹಾಗೆ ಕೀಲು ಹೋದವರಿಗೆ ನಾವು ತೊಡೆಗುಂಡು ಮಾಡುತ್ತೇವೆ: ನಿಂಬೆಹಣ್ಣಿನಷ್ಟು ದಪ್ಪದ, ಕನ್ನಡಿಯಂತೆ ನುಣುಪಾದ ಗಟ್ಟಿಬಿಳಿಯ ಗುಂಡು. ವರ್ಷಕ್ಕೊಮ್ಮೆ, ಹೊಸನೀರಿನ ಮೇಲೆ ತೇಲುವ ದವಾಖಾನೆ ಬರುತ್ತದೆ. ಹನ್ನೊಂದು ದಿನ ನಮ್ಮ ದಂಡೆಗೆ ನಿಲ್ಲುತ್ತದೆ, ಗುಂಡು ಕೂರಿಸುತ್ತದೆ, ಹೋಗುತ್ತದೆ. ಗುಂಡು ಇಲ್ಲದವರು ಮುಂದಿನ ನೀರಿನವರೆಗೆ ಕಾಯಬೇಕು. ಈ ವರ್ಷ ಸರದಿಯಲ್ಲಿ ಒಂಬತ್ತು ಹೆಸರು. ಹೆಗಲ ಮೇಲೆ ಸಂಸಾರವಿರುವವರು ಮೊದಲು, ಮುದುಕರು ಕೊನೆಗೆ. ಕಾಶವ್ವನದು ಒಂಬತ್ತನೆಯ ಹೆಸರು.

ದವಾಖಾನೆ ಬರುವುದಕ್ಕೆ ಮೂರು ತಿಂಗಳ ಮುಂಚೆಯೇ ಅವಳು ನಮ್ಮ ಮನೆಗೆ ಬಂದಳು. ಎರಡು ಕೋಲು ಊರಿಕೊಂಡು ಹೊಸ್ತಿಲ ಹೊರಗೆ ನಿಂತು, “ಮಗಳ ಮನಿ ಅಂತ ಬಂದೀನಿ ಬೀಗತಿ, ಒಳಗ ಕರೀತೀಯೋ ಇಲ್ಲಾ ಇಲ್ಲೇ ನಿಂದರಸ್ತೀಯೋ?” ಎಂದಳು.

“ಒಳಗ ಬಾ. ಒಂದ ಕಾಲಿನಾಕೀನ ಹೊರಗ ನಿಂದರಸಿದ್ಲು ಅಂತ ಊರ ನನ್ನ ಬಾಯಾಗ ಹಾಕ್ಕೋತೈತಿ,” ಎಂದೆ.

ಮನೆಯಲ್ಲಿ ಒಬ್ಬಳೇ ಕೂರಲಾರೆನೆಂದು ದಿನಾ ನನ್ನ ಜೊತೆ ಬಗ್ಗಡದ ಮನೆಗೆ ಬರುತ್ತಿದ್ದಳು. ತೊಟ್ಟಿಯ ಪಕ್ಕದ ಬಾಕಿನ ಮೇಲೆ ಕೂತು, ಸೀರೆಯ ಮಡಿಲಿನಲ್ಲಿ ಎಲೆಅಡಿಕೆಯ ಡಬ್ಬಿ ಇಟ್ಟುಕೊಂಡು, ನನಗೊಂದು ತನಗೊಂದು ಎಲೆ ಮಡಚುವಳು. ನಾನು ಅಲ್ಲಿಯವರೆಗೆ ಕೆಲಸದ ಹೊತ್ತಿನಲ್ಲಿ ಎಲೆ ಮುಟ್ಟಿದವಳಲ್ಲ. ಅವಳು ಬಂದ ಮೇಲೆ ರೂಢಿಯಾಯಿತು. ಸುಣ್ಣ ಮಾತ್ರ ಅವಳು ಹಚ್ಚಿದ್ದು ನನಗೆ ಸೇರದು, ನನ್ನ ಹದ ನನಗೆ. ಬಲಗೈಯ ತೋರುಬೆರಳಿನಿಂದ ನಾನೇ ಹಚ್ಚಿಕೊಳ್ಳುತ್ತಿದ್ದೆ.

ಅದೇ ಬೆರಳು ನನ್ನ ಕಸುಬಿನ ಬೆರಳು. ಮೂವತ್ತೊಂದು ವರ್ಷದಿಂದ ಹುಡಿಗೇರಿಯಲ್ಲಿ ಬಗ್ಗಡದ ಹದ ಹೇಳುವವಳು ನಾನು. ತೊಟ್ಟಿಯಿಂದ ಒಂದು ಬಟ್ಟಲು ಎತ್ತಿಕೊಂಡು, ಬೆರಳು ಅದ್ದಿ ತಿರುವಿ, ಬೆರಳ ತುದಿಯಿಂದ ಅದು ಇಳಿಯುವ ಬಗೆ ನೋಡಿ ಮದ್ದು ಬೇಕೋ ಸಾಕೋ ಎಂದು ಹೇಳುತ್ತೇನೆ. ಮದ್ದಿನ ತೂಕ ನೋಡುವವಳು ಮೆಹರುನ್ನಿಸಾ, ಇಪ್ಪತ್ತೆಂಟರ ಹುಡುಗಿ, ಸವದತ್ತಿಯ ಕಡೆಯವಳು, ಓದಿದವಳು. ಅವಳ ಹತ್ತಿರ ತಳಕ್ಕೆ ತೂತಿರುವ ಬಟ್ಟಲೊಂದಿದೆ; ಬಗ್ಗಡ ಅದರಿಂದ ಸೋರಿ ಮುಗಿಯಲು ಎಷ್ಟು ಎಣಿಕೆ ಹಿಡಿಯುತ್ತದೆಂದು ನೋಡಿ ಹದ ಹೇಳುತ್ತಾಳೆ. ತೂತು ನೋಡಿ ಕಸುಬು ಕಲಿಯುವುದಾದರೆ ಜರಡಿಗೆ ಪಗಾರ ಕೊಡಬೇಕಾಗುತ್ತದೆ ಎಂದು ನಾನು ಅವಳನ್ನು ಹಂಗಿಸುತ್ತಿದ್ದೆ. ನಮ್ಮಿಬ್ಬರಲ್ಲಿ ಕೊನೆಯ ಮಾತು ನನ್ನದೇ. ಅದು ಇಲ್ಲಿಯ ಪದ್ಧತಿ.

ಒಂದು ಸಲಕ್ಕೆ ಹನ್ನೊಂದು ಗುಂಡು ಸುರಿಯುತ್ತೇವೆ. ಅದರಲ್ಲಿ ಮೂರು ಕೆಡುವುದು ಒಳ್ಳೆಯ ವರ್ಷದಲ್ಲೂ ಇದ್ದದ್ದೇ. ಆದ್ದರಿಂದಲೇ ಮೂರು ಸಲಕ್ಕಾಗುವಷ್ಟು ಹುಡಿ ಇಟ್ಟುಕೊಂಡಿರುತ್ತೇವೆ. ಮೊದಲನೆಯ ಸಲ ಬಟ್ಟಲು ಎತ್ತಿ ಬೆರಳಾಡಿಸಿದೆ. ಗಟ್ಟಿ. “ಮದ್ದು ಕಡಿಮಿ ಆಗೈತಿ, ಹಾಕು,” ಎಂದೆ. “ಆಯಿ, ತೂಕ ಸರಿ ಐತ್ರಿ, ಎರಡ ಸಲ ತೂಗೀನಿ,” ಎಂದಳು ಮೆಹರುನ್ನಿಸಾ. “ನಿನ್ನ ತಕ್ಕಡಿಗೆ ಕಣ್ಣ ಅದಾವೇನು? ಹಾಕು ಅಂದ್ರ ಹಾಕು.” ಹಾಕಿದಳು. ಹನ್ನೊಂದೂ ಒಣಗುವಾಗಲೇ ಬಿರಿದವು. ಎರಡನೆಯ ಸಲವೂ ಬಟ್ಟಲು ಗಟ್ಟಿ. ಹೋದ ಸಲ ಮದ್ದು ಸಾಲದೇ ಹೀಗಾಯಿತೆಂದುಕೊಂಡು ಇನ್ನೂ ಹೆಚ್ಚು ಹಾಕಿಸಿದೆ. ಈ ಸಲ ಬಗ್ಗಡ ಗುಳ್ಳೆಗಳನ್ನು ನುಂಗಿಕೊಂಡು ಬಿಡಲೇ ಇಲ್ಲ. ಸುಟ್ಟು ತೆಗೆದಾಗ ಹನ್ನೊಂದು ಗುಂಡುಗಳೂ ಬೆಂಡಿನಂತೆ ಹಗುರಾಗಿದ್ದವು. ಹೊಸಬರ ಕಿವಿ ಹಿಂಡಿದ ತಪ್ಪನ್ನೇ ನಾನು ಮಾಡುತ್ತಿದ್ದೆ, ಆದರೆ ನನ್ನ ಬೆರಳು ಸುಳ್ಳು ಹೇಳೀತೆಂಬ ಯೋಚನೆ ನನಗೆ ಬರಲಿಲ್ಲ.

ಊರಿನಲ್ಲಿ ಗುಸುಗುಸು ಎದ್ದಿತು. ಆ ಕುಂಟಿ ಬಂದ ದಿನದಿಂದ ಗುಂಡು ಒಡೆಯಲು ಹತ್ತಿವೆ, ಅವಳ ಕಾಲ್ಗುಣ ಎಂದರು. ನೀರಿನ ಕುಣಿಯ ಹತ್ತಿರ ನಾನೇ ಕೇಳಿಸಿಕೊಂಡೆ. “ಆಕಿ ಕಾಲ ಬಗ್ಗಡದ ತೊಟ್ಟ್ಯಾಗ ಬಿದ್ದಿತ್ತೇನ? ಬಿದ್ದಿದ್ರ ಹೇಳ್ರಿ, ಸೋಸಿ ತಗೀತೀನಿ,” ಎಂದೆ. ಕೊಡ ಎತ್ತಿಕೊಂಡು ಸರಿದುಹೋದರು. ಆದರೆ ಕಾಶವ್ವನ ಕಿವಿಗೂ ಅದು ಬಿದ್ದಿತ್ತು. ಅವಳು ಎರಡು ದಿನ ಬಗ್ಗಡದ ಮನೆಗೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನೇ ಅವಳನ್ನು ಬೆನ್ನ ಮೇಲೆ ಹೊತ್ತು ತಂದು ಬಾಕಿನ ಮೇಲೆ ಕೂರಿಸಿದೆ. ಇಡೀ ಊರು ನೋಡಲಿ ಎಂದೇ ನಡುಬೀದಿಯಲ್ಲಿ ತಂದೆ.

ಆಗ ಉಳಿದದ್ದು ಒಂದೇ ಸಲಕ್ಕಾಗುವ ಹುಡಿ. ಗುಡ್ಡದಿಂದ ಹೊಸ ಹುಡಿ ಬರುವುದು ಮಳೆ ಕಳೆದ ಮೇಲೆ. ಮೆಹರುನ್ನಿಸಾ ತೂಗಿ ಹಾಕಿದಳು, ಗಿರಣಿ ತಿರುಗಿತು, ತೊಟ್ಟಿ ತುಂಬಿತು. ನಾನು ಎಲೆ ಮಡಚಿ ಬಾಯಿಗಿಟ್ಟುಕೊಂಡು ಬಟ್ಟಲು ಎತ್ತಿದೆ. ಆ ಹುಡುಗಿ ಅಡ್ಡ ಬಂದು ನಿಂತಳು.

“ಆಯಿ, ಸಿಟ್ಟ ಮಾಡ್ಕೋಬ್ಯಾಡ್ರಿ. ಈ ಸಲ ಮದ್ದು ಹೆಚ್ಚ ಮಾಡೂಕಿಂತ ಮೊದ್ಲ ನನಗೂ ಒಂದ ಬಟ್ಟಲ ಕೊಡ್ರಿ. ನೀವೂ ನೋಡ್ರಿ, ನಾನೂ ನೋಡ್ತೀನಿ.”

ಒಂದೇ ತೊಟ್ಟಿಯಿಂದ ಎರಡು ಬಟ್ಟಲು. ಅವಳು ಗಟ್ಟಿಬಿಳಿಯ ಕಡ್ಡಿಯಿಂದ ತಿರುವಿದಳು, ನಾನು ಬೆರಳಿನಿಂದ. ಅವಳದು ಹಾಲಿನಂತೆ ಸುರಿಯಿತು. ನನ್ನದನ್ನು ಬೋರಲು ಹಾಕಿದರೂ ಅಲ್ಲಾಡದೆ ಗಡಿಗೆಯ ಮೊಸರಿನಂತೆ ನಿಂತಿತು.

ಕಾಶವ್ವ ಬಾಕಿನ ಮೇಲಿಂದ ಬಗ್ಗಿ ನೋಡಿ, “ಏನ ಬೀಗತಿ, ಬೆರಳಾಗ ಹೆಪ್ಪ ಇಟಗೊಂಡೀಯೇನ? ಇವತ್ತ ನಮ್ಮ ಹಾಲಿಗೂ ಒಂದೀಟ ಅದ್ದಿ ಕೊಡ,” ಎಂದಳು.

ಮೆಹರುನ್ನಿಸಾ ನಗಲಿಲ್ಲ. ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ ಉಗುರಿನ ಸಂದಿ ನೋಡಿದಳು. “ಇದೇನ್ರಿ ಆಯಿ?”

“ಸುಣ್ಣ.”

“ಎಷ್ಟ ದಿನ ಆತ್ರಿ?”

“ಎಲಿ ತಿನ್ನೂದಾ?”

“ತಿಂದ ಕೈಲೆ ಬಗ್ಗಡ ನೋಡೂದು.”

ನಾನು ಕಾಶವ್ವನ ಕಡೆ ನೋಡಿದೆ. ಅವಳು ಮಡಿಲಿನ ಡಬ್ಬಿಯನ್ನು ಸೆರಗಿನಿಂದ ಮುಚ್ಚುತ್ತಿದ್ದಳು.

ಆ ಹುಡುಗಿ ತನ್ನ ಬಟ್ಟಲಿಗೆ ಜೋಳದ ಕಾಳಿನಷ್ಟು ಸುಣ್ಣ ಹಾಕಿ ತಿರುವಿದಳು; ಅದೂ ಹೆಪ್ಪುಗಟ್ಟಿತು. ಮೂರನೆಯ ಬಟ್ಟಲಿಗೆ ಬಾವಿಯ ನೀರು ಹಾಕಿದಳು. ಅದು ಅಷ್ಟಲ್ಲದಿದ್ದರೂ ದಪ್ಪಗಾಯಿತು. ನಮ್ಮ ಬಾವಿಗಳು ಸುಣ್ಣಗಲ್ಲಿನೊಳಗೆ ತೋಡಿದವು. ಬಿಡಿಸುಮದ್ದಿನ ಎಳೆಗಳಿಗೆ ಕೈಗಳಿವೆಯಂತೆ, ಆ ಕೈಗಳಿಂದ ಹುಡಿಯ ಕಾಳಿಗೆ ಹೊದಿಕೆಯಾಗಿ ನಿಲ್ಲುತ್ತವೆಯಂತೆ. ಸುಣ್ಣ ಬಂದರೆ ಅದಕ್ಕೇ ಜೋತುಬಿದ್ದು ಮುದುಡುತ್ತವಂತೆ. ಅಚ್ಚಿನ ಗಚ್ಚಿನಲ್ಲೂ ಸುಣ್ಣದ ಅಂಶ ಉಂಟು, ಅಲ್ಲಿ ಗೋಡೆಗೆ ತಾಕಿದ ಬಗ್ಗಡ ಬೇಗ ಗಟ್ಟಿಯಾಗಲು ಅದು ಉಪಕಾರವೇ. ತೊಟ್ಟಿಯಲ್ಲಿ ಅದೇ ವಿಷ. ಹರಿದ ಹಾಳೆಯ ಆ ಒಂದು ಸಾಲು ಬಾವಿಯ ಬಗ್ಗೆ ಅಲ್ಲ, ಸುಣ್ಣದ ಬಗ್ಗೆ ಇತ್ತು. ನಾವು ಬಾವಿಯನ್ನು ದೂರ ಇಟ್ಟೆವು, ಸುಣ್ಣವನ್ನು ಬೆರಳಿಗೆ ಹಚ್ಚಿಕೊಂಡೆವು. ತೊಟ್ಟಿಯ ಬಗ್ಗಡ ಎರಡು ಸಲವೂ ನೆಟ್ಟಗಿತ್ತು. ಕೆಟ್ಟದ್ದು ನನ್ನ ಬಟ್ಟಲು. ಬಟ್ಟಲಿನ ಕಾಯಿಲೆಗೆ ತೊಟ್ಟಿಗೆ ಔಷಧ ಕೊಟ್ಟು, ಆರೋಗ್ಯವಾಗಿದ್ದುದನ್ನು ನಾನೇ ಕೊಂದೆ.

ಹುಡಿಗೇರಿಯ ನಡುವೆ ಒಡಕಿನ ಕಟ್ಟೆ ಇದೆ, ಒಡೆದ ಗಟ್ಟಿಬಿಳಿಯ ಚೂರುಗಳಿಂದಲೇ ಕಟ್ಟಿದ್ದು. ಯಾರ ಕೈಯಿಂದ ಕೆಲಸ ಕೆಟ್ಟಿತೋ ಅವರು ಅದನ್ನು ಹತ್ತಿ, ಏನು ಹಾಕಿದೆ, ಎಷ್ಟು ಹಾಕಿದೆ, ಏನಾಯಿತು ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಅಳುವಂತಿಲ್ಲ, ಕ್ಷಮೆ ಕೇಳುವಂತಿಲ್ಲ. ಅದರಿಂದ ಯಾರಿಗೂ ಕಸುಬು ತಿಳಿಯುವುದಿಲ್ಲ. ಹೇಳಿದ್ದನ್ನು ಬರೆದಿಡುತ್ತಾರೆ. ನಾನು ಬಹಳ ಮಂದಿಯನ್ನು ಹತ್ತಿಸಿದ್ದೆ, ನಾನೇ ಹತ್ತಿರಲಿಲ್ಲ. ಅಂದೇ ಮಧ್ಯಾಹ್ನ ಹತ್ತಿದೆ. ಕೆಳಗೆ ಸಾತಪ್ಪ ನಿಂತಿದ್ದ. ನಾಲ್ಕು ವರ್ಷದ ಕೆಳಗೆ ಅಂಟು ಹೆಚ್ಚು ಹಾಕಿ ನಲವತ್ತು ಅಚ್ಚು ಕೆಡಿಸಿದವನು. ಅವನು ಗೊಣಗಿದಾಗ ನಾನೇ ಗದರಿಸಿ ಜೋರಾಗಿ ಹೇಳಿಸಿದ್ದೆ.

“ಸುಣ್ಣದ ಬೆರಳ ಬಟ್ಟಲಿಗೆ ಅದ್ದೀನಿ,” ಎಂದೆ. “ಬಟ್ಟಲ ನೋಡಿ ತೊಟ್ಟಿಗೆ ಮದ್ದ ಹೆಚ್ಚ ಹಾಕಿಸೀನಿ. ಎರಡ ಸಲ. ಇಪ್ಪತ್ತೆರಡ ಗುಂಡ ಹೋದವು.”

“ಜೋರಾಗಿ ಹೇಳ್ರಿ ಆಯಿ, ಹಿಂದ ಕೇಳಸವಲ್ದು,” ಎಂದ ಸಾತಪ್ಪ.

ಜೋರಾಗಿ ಹೇಳಿದೆ. ಕಾಶವ್ವನ ಕಾಲ್ಗುಣದ ಮಾತಾಡಿದವರ ಮುಖಗಳನ್ನು ಒಂದೊಂದಾಗಿ ನೋಡುತ್ತ, ಮೂರನೆಯ ಸಲವೂ ಹೇಳಿದೆ.

ಮರುದಿನ ಉಗುರು ಕತ್ತರಿಸಿ, ಕೈಯನ್ನು ಮಳೆನೀರಿನಲ್ಲಿ ತಿಕ್ಕಿ ತೊಳೆದು, ಆದರೂ ಬೆರಳು ಅದ್ದದೆ, ಮೆಹರುನ್ನಿಸಾಳ ತೂತುಬಟ್ಟಲಿನ ಎಣಿಕೆಗೇ ಬಗ್ಗಡ ಬಿಟ್ಟೆ. ಹದ ಅವಳು ಹೇಳಿದಳು, ಸುರಿದವಳು ನಾನು. ಸುರಿಯುವ ಕೈ ಇನ್ನೂ ನನ್ನದೇ ಚೆನ್ನ. ಹನ್ನೊಂದು ಅಚ್ಚು, ಏಳು ದಿನದ ಒಣಗು. ಅಷ್ಟರಲ್ಲಿ ಪಡುವಣದಲ್ಲಿ ಮೋಡ ಕಟ್ಟಲು ಶುರುವಾಗಿತ್ತು. ಗೂಡಿಗೆ ಬೇಕಾದ ಒಂದು ಬಿಳಿ ದಿನಕ್ಕಾಗಿ ಐದು ದಿನ ಕಾದೆವು. ಆರನೆಯ ದಿನ ಸಿಕ್ಕಿತು. ಕಾದಷ್ಟು ದಿನವೂ ಊರವರೆಲ್ಲ ಸರದಿ ಹಾಕಿಕೊಂಡು ಕನ್ನಡಿ ಒರೆಸಿದರು.

ಮೊನ್ನೆ ಗೂಡು ತೆರೆದೆವು. ಎರಡರ ಮೈಮೇಲೆ ಕೂದಲೆಳೆಯ ಬಿರುಕು ಕಣ್ಣಿಗೇ ಕಂಡಿತು. ಉಳಿದದ್ದು ಒಂಬತ್ತು. ಗುಂಡಿನ ಪರೀಕ್ಷೆ ಚಂಪಾಳ ಕೆಲಸ. ನೂಲಿಗೆ ತೂಗುಬಿಟ್ಟು ಕೊಂಬಿನ ಸುತ್ತಿಗೆಯಿಂದ ತಟ್ಟುತ್ತಾಳೆ. ದನಿ ಹನ್ನೆರಡು ಎಣಿಸುವವರೆಗೆ ನಿಲ್ಲಬೇಕು, ಅಷ್ಟು ನಿಲ್ಲದಿದ್ದರೆ ಒಳಗೆ ಟೊಳ್ಳಿದೆ. ಎಂಟು ಗುಂಡು ಹನ್ನೆರಡು ದಾಟಿದವು. ಒಂಬತ್ತನೆಯದು, ತೊಟ್ಟಿಯ ತಳದ ಬಗ್ಗಡದಿಂದ ಸುರಿದದ್ದು, ಒಂಬತ್ತಕ್ಕೆ ನಿಂತಿತು. ಚಂಪಾ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟಳು. ಹೊರಗಿನಿಂದ ನೋಡಿದರೆ ಎಲ್ಲಕ್ಕಿಂತ ಚೆಂದವಾಗಿದ್ದ ಗುಂಡು ಅದೇ.

“ಏನ ನೋಡಕೋತ ನಿಂತಿ ಚಂಪಿ?” ಎಂದಳು ಕಾಶವ್ವ.

“ಯವ್ವಾ, ಇನ್ನೊಮ್ಮೆ ಬಡದ ನೋಡ್ತೀನಿ.”

“ಎಷ್ಟ ಸಲ ಬಡದ್ರೂ ಅದು ನಿನ್ನ ಮಾರಿ ನೋಡಿ ಉದ್ದ ಕೂಗೂದಿಲ್ಲ. ನನ್ನ ತೊಡಿಯೊಳಗ ಒಡದ್ರ ಚೂರ ಆರಸಾಕ ಯಾರ ಬರ್ತಾರ? ಇಲ್ಲೇ ಒಡೀರಿ.”

ಒಡೆಯಬೇಕಾದವರು ಕೆಲಸ ಕೆಡಿಸಿದವರೇ. ಸೊಸೆಯ ಕೈಯಿಂದ ಗುಂಡನ್ನು ಬಿಡಿಸಿಕೊಂಡು, ಕಲ್ಲಿನ ಮೇಲಿಟ್ಟು ಒಂದೇ ಏಟಿಗೆ ಒಡೆದೆ. ಒಳಗೆ ಎಳ್ಳುಕಾಳಿನಷ್ಟು ಟೊಳ್ಳು. ಕಾಶವ್ವ ಕುತ್ತಿಗೆ ಚಾಚಿ ಅದನ್ನು ನೋಡಿದಳು.

“ಕೈ ನಡುಗಲಿಲ್ಲಲ್ಲ ನಿನಗ,” ಎಂದಳು.

“ನಡುಗಿದ್ರ ಎರಡನೇ ಏಟ ಹಾಕಬೇಕಾಗ್ತಿತ್ತು.”

“ಹಂಗಾರ ಬರೂ ವರ್ಷ ನಂದ ಮೊದ್ಲ ಸುರಿ,” ಎಂದಳು ಅವಳು.

ಹಾಗೇ ಮಾಡುತ್ತೇನೆ. ಪಂಚಾಯಿತಿಯವರನ್ನು ಕೂರಿಸಿ, ಮುಂದಿನ ಸರದಿಯಲ್ಲಿ ಅವಳ ಹೆಸರನ್ನು ಮೊದಲಿಗೆ ಬರೆಸಿದ್ದೇನೆ. ಹದ ಹೇಳುವ ಕೆಲಸವನ್ನು ಮೆಹರುನ್ನಿಸಾಳಿಗೆ ಬಿಟ್ಟಿದ್ದೇನೆ. ಅವಳು ಬೇಡವೆಂದಳು. ಬೈ ಎಂದರೆ ಬೈಯುತ್ತೇನೆ, ಹದ ಹೇಳು ಎಂದರೆ ಮಾತ್ರ ಹೇಳುವುದಿಲ್ಲ ಎಂದೆ ನಾನು. ಬಗ್ಗಡಕ್ಕೆ ಹಾಕುವ ಪ್ರತಿಯೊಂದು ಮದ್ದೂ ಯಾವುದನ್ನು ತಾಳುವುದಿಲ್ಲ ಎಂಬುದನ್ನು ನಾವಿಬ್ಬರೂ ಒಂದೊಂದಾಗಿ ಕೆಡಿಸಿ ನೋಡಿ ಬರೆಯಲು ಕೂತಿದ್ದೇವೆ: ಉಪ್ಪು ಬಿದ್ದರೆ ಏನು, ಸಾಬೂನು ಬಿದ್ದರೆ ಏನು, ಹುಣಸೆಯ ಹುಳಿ ಬಿದ್ದರೆ ಏನು, ಬೆವರು ಬಿದ್ದರೆ ಏನು. ನಾಲ್ಕನೆಯ ಇಯತ್ತೆಯವಳಿಗೆ ಓದಲು ಬರುವ ಮಾತಿನಲ್ಲೇ ಬರೆಯಬೇಕು ಎಂಬುದು ನನ್ನ ಶರತ್ತು.

ಇನ್ನು ನಿಮಗೆ ಹೇಳಬೇಕಾದದ್ದು. ನನ್ನ ಬೆರಳಿನ ತಪ್ಪನ್ನು ಕಟ್ಟೆ ಹತ್ತಿ ಹೇಳಿಯಾಯಿತು. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ನಿಮ್ಮ ಪಾಲಿನದು ನಿಮಗಿದೆ. ಮದ್ದು ಮಾಡುವವರೇ, ಅದನ್ನು ಹೇಗೆ ಮಾಡಿದಿರೆಂಬ ಗುಟ್ಟನ್ನು ಬೇಕಾದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಳ್ಳಿ. ಅದು ಯಾವುದಕ್ಕೆ ಹೆದರುತ್ತದೆ ಎಂಬುದು ಗುಟ್ಟಲ್ಲ. ಎಷ್ಟಕ್ಕೆ ಸಾಕು, ಎಷ್ಟು ಮೀರಿದರೆ ತಿರುಗಿ ಬೀಳುತ್ತದೆ ಎಂಬುದೂ ಗುಟ್ಟಲ್ಲ. ಪರೀಕ್ಷೆ ಮಾಡಿ ಪುಸ್ತಕ ಬರೆಯುವವರೇ, ಗೆದ್ದ ಬಗ್ಗಡದ ಅಳತೆಯನ್ನಷ್ಟೇ ಬರೆದು ಕೆಟ್ಟದ್ದನ್ನು ಬಚ್ಚಲಿಗೆ ಚೆಲ್ಲಬೇಡಿ. ನಮಗೆ ಗೆದ್ದದ್ದಕ್ಕಿಂತ ಕೆಟ್ಟದ್ದರ ಸುದ್ದಿಯೇ ಹೆಚ್ಚು ಬೇಕಾಗಿತ್ತು. ಏನನ್ನಾದರೂ ಮಾಡಬೇಡಿ ಎಂದು ಬರೆಯುವಾಗ, ಯಾಕೆ ಎಂದು ಅದರ ಪಕ್ಕದಲ್ಲೇ ಬರೆಯಿರಿ. ನಿಮ್ಮ ಹಾಳೆಯಲ್ಲಿ ‘ಸುಣ್ಣ ಇರುವುದರಿಂದ’ ಎಂಬ ಎರಡು ಮಾತು ಇದ್ದಿದ್ದರೆ, ನಾನು ಎಷ್ಟೇ ಹಟಮಾರಿಯಾಗಿದ್ದರೂ ಆ ಡಬ್ಬಿಯನ್ನು ಬಗ್ಗಡದ ಮನೆಯ ಹೊಸ್ತಿಲು ದಾಟಿಸುತ್ತಿರಲಿಲ್ಲ. ತೊಟ್ಟಿ ತಿರುವುವವಳು ಓದುವ ಭಾಷೆಯಲ್ಲಿ ಬರೆಯಿರಿ. ಡ್ರಮ್ಮಿನ ಮೇಲೆಯೇ ಬರೆಯಿರಿ, ನೀರು ತಾಕಿದರೂ ಅಳಿಸದ ಮಸಿಯಲ್ಲಿ.

ಇಂದು ಬೆಳಿಗ್ಗೆ ಮೇಲಿನ ಊರಿನಿಂದ ಸುದ್ದಿ ಬಂದಿದೆ, ಹೊಸನೀರು ಹೊರಟಿದೆ. ನಾಳೆ ದವಾಖಾನೆ ದಂಡೆಗೆ ಹತ್ತುತ್ತದೆ. ಎಂಟು ಮಂದಿಯನ್ನು ಹತ್ತಿಸಿ ಕಳಿಸುವುದಿದೆ. ಅವರು ಹತ್ತುವುದನ್ನು ತಾನೂ ನೋಡಬೇಕೆಂದು ಕಾಶವ್ವ ಹಟ ಹಿಡಿದಿದ್ದಾಳೆ. ದಂಡೆಯ ಮೆಟ್ಟಿಲು ಅರವತ್ತೆರಡು. ನಾಳೆ ಅವಳನ್ನು ಹೊತ್ತು ಇಳಿಸುವವಳು ನಾನೇ, ತಿರುಗಿ ಹತ್ತಿಸುವವಳೂ ನಾನೇ, ಇನ್ನೊಂದು ವರ್ಷ ಹೊರುವವಳೂ ನಾನೇ. ಹೊರುತ್ತೇನೆ. ನೀವು ‘ಯಾಕೆ’ ಎಂಬ ಆ ಒಂದು ಸಾಲು ಬರೆಯಿರಿ.

ಇಂತಿ,
ಬಾಳವ್ವ,
ಹುಡಿಗೇರಿಯಲ್ಲಿ ಬಗ್ಗಡ ಸುರಿಯುವವಳು